ಮೂಗಿಗೆ ಹನ್ನೆರಡು, ಬಣ್ಣಕ್ಕೆ ಮೂರು

ಬಿಯರಿನ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ನಾಲ್ಕು ಸಾಲು ಬರೆದದ್ದೇ ನೆಪವಾಯಿತು. ಅಕ್ಕಿಆಲೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರು, ಹಿರೇಕೆರೂರಿನಿಂದ ಫೋನ್ ಮಾಡಿದವರು, ಎಲ್ಲರೂ ಅದನ್ನೇ ಕೆದಕುತ್ತಿದ್ದಾರೆ. ವಯಸ್ಸಾದವರ ಧಾಟಿ ಒಂದು: "ರುಚಿ ನೋಡೂದೇನೈತ್ರಿ ಅದರಾಗ? ಕಹಿ ಇರತೈತಿ, ತಲಿಗೆ ಏರತೈತಿ, ಮುಗೀತು." ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರ ಧಾಟಿ ಇನ್ನೊಂದು: "ಸರ್, ಬ್ರೂಪಬ್ಬಿಗೆ ಹೋದ್ರ ಬೆಲ್ಜಿಯನ್ ಬ್ಲಾಂಡ್ ಅಂತ ಒಂದು ಕೊಡ್ತಾರ. ಕುಡಿಯಾಕ ಚಲೋನ ಐತಿ. ಆದ್ರ ಅದು ಖರೇನ ಚಲೋ ಐತೋ, ಇಲ್ಲಾ ರೊಕ್ಕ ಜಾಸ್ತಿ ಕೊಟ್ಟೀವಿ ಅಂತ ಚಲೋ ಅನ್ನಸ್ತೈತೋ?" ಈ ಎರಡನೆಯದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳುತ್ತ ಹೋದರೆ ಮೊದಲನೆಯದಕ್ಕೂ ದಾರಿಯಲ್ಲೇ ಉತ್ತರ ಸಿಗುತ್ತದೆ.

ಹಿರಿಯರು ಹಾಗೆ ಕೇಳುವುದರಲ್ಲಿ ತಪ್ಪೇನಿಲ್ಲ. ನಮ್ಮ ಹಾವೇರಿ ಸೀಮೆಯಲ್ಲಿ ಕುಡಿತಕ್ಕೂ ರುಚಿಗೂ ಸಂಬಂಧವೇ ಬೆಳೆಯಲಿಲ್ಲ. 1956ರವರೆಗೆ ನಾವು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯವರು. 1949ರ ಮುಂಬಯಿ ಪಾನನಿಷೇಧ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಕದ್ದು ಕುಡಿಯುವವನು ಪರಿಮಳ ನೋಡುತ್ತ ಕೂರುತ್ತಾನೆಯೇ? ಆಮೇಲೆ ಸಾರಾಯಿ ಪಾಕೀಟಿನ ಕಾಲ ಬಂತು. ಹಲ್ಲಿನಿಂದ ತುದಿ ಕಚ್ಚಿ ಹರಿದು, ಉಸಿರು ಹಿಡಿದು ಗಂಟಲಿಗೆ ಸುರಿದುಕೊಂಡು, ಉಪ್ಪು ನೆಕ್ಕುವುದು. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಅಗ್ಗದ ವಿಸ್ಕಿ ಆ ಜಾಗಕ್ಕೆ ಬಂತು, ಉಸಿರು ಹಿಡಿಯುವುದು ಮಾತ್ರ ಹಾಗೇ ಉಳಿಯಿತು. ಅದರಿಂದ ಹಾಳಾದ ಮನೆಗಳನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಹಾಗಾಗಿ ಕುಡಿಯದವರು ಇದನ್ನೋದಿ ಶುರುಮಾಡಲಿ ಎಂಬ ಆಸೆ ನನಗಿಲ್ಲ. ಹೇಗೂ ಕುಡಿಯುವವರು ಮೂಗು ತೆರೆದು ಕುಡಿಯಲಿ ಎನ್ನುವುದಷ್ಟೇ ನನ್ನ ಕೋರಿಕೆ. ಮೂಗು ತೆರೆದು ಕುಡಿಯುವವನು ಎಷ್ಟೋ ಸಲ ಅರ್ಧ ಗ್ಲಾಸಿಗೇ ಸಾಕೆನ್ನುತ್ತಾನೆ ಎಂಬುದು ನಾನು ಕಂಡದ್ದು.

ತೂಗಿ ನೋಡುವ ಕೆಲಸ ನಮಗೆ ಹೊಸದಲ್ಲ. ಬ್ಯಾಡಗಿಯ ಮಾರುಕಟ್ಟೆಗೆ ಸೋಮವಾರವೋ ಗುರುವಾರವೋ ಹೋಗಿ ನೋಡಿ. ಖರೀದಿದಾರ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಮೆಣಸಿನಕಾಯಿ ತೆಗೆಯುತ್ತಾನೆ. ತೊಟ್ಟು ನೋಡುತ್ತಾನೆ, ನೆರಿಗೆ ನೋಡುತ್ತಾನೆ, ಬಣ್ಣ ನೋಡುತ್ತಾನೆ, ಮುರಿದು ತೇವ ನೋಡುತ್ತಾನೆ, ಮೂಗಿಗೆ ಹಿಡಿಯುತ್ತಾನೆ. ಡಬ್ಬಿ ತಳಿಯನ್ನು ಡಬ್ಬಿಯೆಂದೇ ಅಳೆಯುತ್ತಾನೆ, ಕಡ್ಡಿ ತಳಿಯನ್ನು ಕಡ್ಡಿಯೆಂದೇ. ಗುಂಟೂರಿನಷ್ಟು ಖಾರ ಇಲ್ಲವೆಂದು ಯಾರಾದರೂ ಡಬ್ಬಿಯ ದರ ಇಳಿಸಲು ಹೋದರೆ ಇಡೀ ಮಾರುಕಟ್ಟೆ ನಕ್ಕುಬಿಡುತ್ತದೆ. ಖಾರ ಕಡಿಮೆ, ಬಣ್ಣ ಗಾಢ: ಅದಕ್ಕಾಗಿಯೇ ಬ್ಯಾಡಗಿಗೆ ಹೆಸರು, 2011ರಲ್ಲಿ ಭೌಗೋಳಿಕ ಸೂಚಕದ ಮುದ್ರೆಯೂ ಸಿಕ್ಕಿದೆ. ಬಿಯರ್ ತೂಗುವವರೂ ಮೊದಲು ಕೇಳಿಕೊಳ್ಳುವುದು ಇದನ್ನೇ. ನನಗೆ ಇಷ್ಟವಾಯಿತೋ ಇಲ್ಲವೋ ಎಂಬುದು ಆಮೇಲಿನ ಮಾತು. ಇದು ತನ್ನನ್ನು ಏನೆಂದು ಕರೆದುಕೊಂಡಿದೆಯೋ ಅದಾಗಿದೆಯೇ?

ಹಾಗೆ ಕೇಳಲು ಒಂದು ಒಪ್ಪಿತ ಅಳತೆ ಬೇಕಲ್ಲ. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂ, ಚಿಕ್ಕದಾಗಿ ಬಿಜೆಸಿಪಿ, ಜಗತ್ತಿನ ಬಿಯರ್ ಬಗೆಗಳ ಲಕ್ಷಣಗಳನ್ನು ಬರೆದಿಟ್ಟಿದೆ. ಅದರ ಪಟ್ಟಿಯಲ್ಲಿ ಬೆಲ್ಜಿಯನ್ ಬ್ಲಾಂಡ್ ಏಲ್ 25ಎ. ಮದ್ಯಾಂಶ ಶೇ 6ರಿಂದ 7.5, ಕಹಿಯ ಅಳತೆ 15ರಿಂದ 30, ಬಣ್ಣ ತಿಳಿ ಬಂಗಾರದಿಂದ ಗಾಢ ಬಂಗಾರ. ತೀರ್ಪಿನ ಹಾಳೆ ಒಟ್ಟು 50 ಅಂಕದ್ದು: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ಬಗೆಗೆ 5, ಒಟ್ಟಾರೆ ಅನ್ನಿಸಿದ್ದಕ್ಕೆ 10. ಬ್ಯಾಡಗಿಯಲ್ಲಿ ದರ ನಿರ್ಧರಿಸುವ ಬಣ್ಣಕ್ಕೆ ಇಲ್ಲಿ ಐವತ್ತರಲ್ಲಿ ಪಾಲು ಮೂರೇ, ಅದೂ ನೊರೆ, ತಿಳಿತನಗಳ ಜೊತೆ ಹಂಚಿಕೊಂಡು! ಈ ಅನುಪಾತ ನನಗೆ ಬಹಳ ಹಿಡಿಸಿತು. ಬೆಂಗಳೂರಿನಲ್ಲಿ ಜನ ಗ್ಲಾಸು ಬಂದ ಕೂಡಲೇ ದೀಪಕ್ಕೆ ಹಿಡಿದು ಫೋಟೊ ತೆಗೆಯುವುದರಲ್ಲಿ ಐದು ನಿಮಿಷ ಕಳೆಯುತ್ತಾರೆ. ಅಷ್ಟರಲ್ಲಿ ಹನ್ನೆರಡು ಅಂಕದ ಪರಿಮಳ ಹಾರಿಹೋಗಿರುತ್ತದೆ.

ಈ ಬ್ಲಾಂಡಿನ ಹಿನ್ನೆಲೆ ಕೇಳಿದರೆ ನಮ್ಮ ಮಠಗಳ ಸೀಮೆಯವರಿಗೆ ಮುಜುಗರವೂ ಆದೀತು, ನಗುವೂ ಬಂದೀತು. ಬೆಲ್ಜಿಯಂನಲ್ಲಿ ಬಿಯರ್ ಕಾಯಿಸುತ್ತಿದ್ದವರಲ್ಲಿ ಕ್ರೈಸ್ತ ಮಠದ ಸನ್ಯಾಸಿಗಳು ದೊಡ್ಡ ಹೆಸರು. ದಿನಾಂ ಊರಿನ ಲೆಫ್ ಮಠ ಸ್ಥಾಪನೆಯಾದದ್ದು 1152ರಲ್ಲಿ. ಆ ಹೊತ್ತಿಗೆ ನಮ್ಮ ಹಾನಗಲ್ಲು ಕದಂಬರ ರಾಜಧಾನಿ. ಫ್ರೆಂಚ್ ಕ್ರಾಂತಿಯ ಹೊಡೆತಕ್ಕೆ ಆ ಮಠದ ಬಿಯರ್ ಕೆಲಸ ನಿಂತೇಹೋಗಿತ್ತು. 1952ರಲ್ಲಿ ಮಠದ ಮುಖ್ಯಸ್ಥರು ಹೊರಗಿನ ಬಿಯರ್ ತಯಾರಕನೊಬ್ಬನ ಜೊತೆ ಒಪ್ಪಂದ ಮಾಡಿಕೊಂಡರು: ಹೆಸರು ಮಠದ್ದು, ಕೆಲಸ ಅವನದು, ಮಠಕ್ಕೊಂದು ಪಾಲು. ಇವತ್ತು ಅಂಗಡಿಯ ಬಾಟಲಿ ಮೇಲೆ ಮಠದ ಗೋಪುರ ಕಂಡರೆ ಒಳಗೆ ಸನ್ಯಾಸಿಯೊಬ್ಬ ಹಂಡೆ ಕಲಕುತ್ತಿದ್ದಾನೆ ಎಂದುಕೊಳ್ಳಬೇಡಿ. ಲೆಫ್ ಈಗ ಜಗತ್ತಿನ ಅತಿದೊಡ್ಡ ಬಿಯರ್ ಕಂಪನಿಯ ಸ್ವತ್ತು. ನಿಜಕ್ಕೂ ಮಠದ ಆವರಣದಲ್ಲೇ, ಸನ್ಯಾಸಿಗಳ ಮೇಲ್ವಿಚಾರಣೆಯಲ್ಲೇ ತಯಾರಾಗುವುದಕ್ಕೆ ಟ್ರಾಪಿಸ್ಟ್ ಎಂಬ ಬೇರೆ ಮುದ್ರೆ ಇದೆ. ಮಠದ ಬಿಯರುಗಳಲ್ಲಿ ಕಪ್ಪು ಛಾಯೆಯವೇ ಹಳೆಯವು. ಜೆಕ್ ನಾಡಿನ ಪ್ಲಝೆನ್ ಊರಿನಲ್ಲಿ 1842ರಲ್ಲಿ ಹುಟ್ಟಿದ ಪಿಲ್ಸ್ನರ್ ಎಂಬ ಬಂಗಾರ ಬಣ್ಣದ ಲಾಗರ್ ಯುರೋಪನ್ನೆಲ್ಲ ಗೆದ್ದಮೇಲೆ ಇವರೂ ಬಣ್ಣ ತಿಳಿ ಮಾಡಿಕೊಳ್ಳಬೇಕಾಯಿತು. ವೆಸ್ಟ್‌ಮಾಲ ಮಠದ ಟ್ರಿಪೆಲ್ ಎಂಬ ತಿಳಿ ಬಣ್ಣದ ತೀಕ್ಷ್ಣ ಬಿಯರ್ ಬಂದದ್ದು 1934ರಲ್ಲಿ. ಬ್ಲಾಂಡ್ ಎಂದರೆ ಆ ಟ್ರಿಪೆಲ್‌ನ ಸಾಧು ಸ್ವಭಾವದ ತಮ್ಮ: ಕಹಿ ಒಂದಿಷ್ಟು ಕಡಿಮೆ, ಸಿಹಿಯ ಛಾಯೆ ಒಂದಿಷ್ಟು ಹೆಚ್ಚು.

ಇಲ್ಲೇ ಹುಡುಗರು ಎಡವುವುದು. ಶೇ 6ರಿಂದ 7.5 ಎಂದರೆ ನಮ್ಮ ಅಂಗಡಿಗಳ 'ಸ್ಟ್ರಾಂಗ್' ಬಿಯರಿನಷ್ಟೇ ತೀಕ್ಷ್ಣ. ನಮ್ಮಲ್ಲಿ ಶೇ 5 ದಾಟಿ 8ರವರೆಗಿನದೆಲ್ಲ ಸ್ಟ್ರಾಂಗ್. ಹಾಗಾದರೆ ಎರಡಕ್ಕೂ ವ್ಯತ್ಯಾಸವೇನು? ಸ್ಟ್ರಾಂಗ್ ಬಿಯರ್ ತನ್ನ ಶಕ್ತಿಯನ್ನು ಸಾರಿಕೊಂಡೇ ಮಾರಾಟವಾಗುತ್ತದೆ. ಬ್ಲಾಂಡ್ ಅದನ್ನು ಬಚ್ಚಿಡಬೇಕು. ಬಾಯಿಗೆ ಮದ್ಯದ ಉರಿ ಸಿಕ್ಕಿತೋ, ತೀರ್ಪುಗಾರ ಅಂಕ ಕಳೆಯುತ್ತಾನೆ. ನುಂಗಿದ ಮೇಲೆ ಎದೆಯ ಹತ್ತಿರ ಹಿತವಾದೊಂದು ಬಿಸುಪು ಬಂದರೆ ಸರಿ. ಸಿಹಿಯ ವಿಷಯವೂ ಅಷ್ಟೇ. ಮೊದಲ ಗುಟುಕಿಗೆ ಜೇನಿನ ನೆನಪಾಗಬೇಕು, ಬ್ರೆಡ್ಡಿನ ಮೆದುವಾದ ಸಿಹಿ ಸಿಗಬೇಕು. ನುಂಗಿದ ಮೇಲೆ ನಾಲಿಗೆ ಒಣಗಿರಬೇಕು, ಅಂಟು ಉಳಿಯಬಾರದು. ಸಿಹಿ ಅನ್ನಿಸಬೇಕು, ಸಿಹಿ ಇರಬಾರದು. ನನ್ನ ಮಟ್ಟಿಗೆ ಈ ಬಗೆಯ ಬಿಯರಿನ ಇಡೀ ತೀರ್ಪು ನಿಂತಿರುವುದು ಇದೊಂದರ ಮೇಲೆ. ಉಳಿದದ್ದೆಲ್ಲ ಅದರ ಸುತ್ತಲಿನ ಲೆಕ್ಕ.

ಅದನ್ನು ಸಾಧಿಸುವ ಉಪಾಯ ಕೇಳಿದರೆ ಅಚ್ಚರಿಯಾಗುತ್ತದೆ. ನಾಲಿಗೆ ಒಣಗಿಸಲು ಅವರು ಹಾಕುವುದು ಸಕ್ಕರೆ! ಬಾರ್ಲಿ ಮಾಲ್ಟಿನಿಂದ ಬರುವ ಸಕ್ಕರೆಗಳಲ್ಲಿ ಒಂದಷ್ಟನ್ನು ಯೀಸ್ಟ್ ತಿನ್ನಲಾರದು. ಅದು ಉಳಿದು ಬಿಯರಿಗೆ ಮೈ ಕೊಡುತ್ತದೆ. ಶಕ್ತಿ ಹೆಚ್ಚಿಸಲು ಬರೀ ಮಾಲ್ಟನ್ನೇ ಸುರಿದರೆ ಬಿಯರ್ ದಪ್ಪವಾಗಿ, ಅಂಟಂಟಾಗಿ, ಒಂದು ಗ್ಲಾಸಿಗೇ ಹೊಟ್ಟೆ ತುಂಬಿಸುತ್ತದೆ. ಬಿಳಿ ಸಕ್ಕರೆಯನ್ನಾದರೆ ಯೀಸ್ಟ್ ಪೂರ್ತಿ ತಿಂದು ಮುಗಿಸುತ್ತದೆ, ಹಿಂದೆ ಏನೂ ಬಿಡುವುದಿಲ್ಲ. ಶಕ್ತಿ ಏರುತ್ತದೆ, ಮೈ ಹಗುರಾಗುತ್ತದೆ. ಬೆಲ್ಜಿಯಂನಲ್ಲಿ ಅದು ಬೀಟ್‌ರೂಟ್ ಜಾತಿಯ ಗಡ್ಡೆಯಿಂದ ತೆಗೆದ ಸಕ್ಕರೆ. "ನಮ್ಮ ಬೆಲ್ಲ ಹಾಕಿದ್ರ?" ಎಂದು ಶಿಗ್ಗಾವಿಯ ಓದುಗರೊಬ್ಬರು ಕೇಳಿದ್ದರು. ಹಾಕಬಹುದು, ಕೆಲವರು ಹಾಕುತ್ತಾರೆ ಕೂಡ. ಆದರೆ ಬೆಲ್ಲಕ್ಕೆ ತನ್ನದೇ ಬಣ್ಣ, ತನ್ನದೇ ವಾಸನೆ. ಅದು ತೆಪ್ಪಗೆ ಬಂದು ತೆಪ್ಪಗೆ ಹೋಗುವ ಜಾತಿಯಲ್ಲ. ಬ್ಲಾಂಡ್ ಆಗಬೇಕಾದದ್ದು ಮಠದ ಕಪ್ಪು ಬಿಯರಿನ ಕಡೆಗೆ ವಾಲುತ್ತದೆ. ಆಗ ಬಾಟಲಿಯ ಹೆಸರು ಬದಲಿಸಿದರಾಯಿತು, ಬಿಯರಿನದೇನೂ ತಪ್ಪಿಲ್ಲ.

ಇನ್ನು ಯೀಸ್ಟ್. ಲಾಗರಿನ ಯೀಸ್ಟ್ ತಂಪಿನಲ್ಲಿ, ಹತ್ತು ಹನ್ನೆರಡು ಡಿಗ್ರಿಯಲ್ಲಿ, ನಿಧಾನಕ್ಕೆ ಕೆಲಸ ಮಾಡಿ ಗುರುತು ಬಿಡದೆ ಹೋಗುತ್ತದೆ. ಬೆಲ್ಜಿಯನ್ ಏಲ್ ಯೀಸ್ಟಿಗೆ ಹದಿನೆಂಟರ ಮೇಲಿನ ಬಿಸಿ ಬೇಕು. ಎಷ್ಟೋ ಕಡೆ ಇಪ್ಪತ್ತನ್ನು ದಾಟಿಯೂ ಏರಲು ಬಿಡುತ್ತಾರೆ. ಆ ಬಿಸಿಯಲ್ಲಿ ಅದು ಮದ್ಯದ ಜೊತೆಗೆ ಹಣ್ಣಿನ ವಾಸನೆಯ ಎಸ್ಟರುಗಳನ್ನೂ ಮಸಾಲೆ ವಾಸನೆಯ ಫೀನಾಲುಗಳನ್ನೂ ಮಾಡುತ್ತದೆ. ಬಾಳೆಹಣ್ಣಿನ ವಾಸನೆ ಕೊಡುವುದು ಐಸೊಅಮೈಲ್ ಅಸಿಟೇಟ್. ಲವಂಗದ ವಾಸನೆ ಬರುವುದು ಬಾರ್ಲಿಯಲ್ಲೇ ಇರುವ ಫೆರುಲಿಕ್ ಆಮ್ಲವನ್ನು ಯೀಸ್ಟ್ ಮಾರ್ಪಡಿಸುವುದರಿಂದ. ಯಾರೂ ಹಂಡೆಗೆ ಲವಂಗ ಹಾಕಿರುವುದಿಲ್ಲ. ಬ್ರೂಪಬ್ಬುಗಳಲ್ಲಿ "ಇದರಲ್ಲಿ ಏನೇನು ಫ್ಲೇವರ್ ಸೇರಿಸಿದ್ದೀರಿ?" ಎಂದು ಕೇಳುವುದು ಸಾಮಾನ್ಯ. ಒಳ್ಳೆಯ ಬ್ಲಾಂಡಿನ ಮಟ್ಟಿಗೆ ನಿಜವಾದ ಉತ್ತರ: ಏನೂ ಇಲ್ಲ, ಯೀಸ್ಟಿಗೆ ಬೇಕಾದ ಬಿಸಿ ಕೊಟ್ಟಿದ್ದೇವೆ.

ಈಗ ಗ್ಲಾಸಿಗೆ ಬರೋಣ. ಮೊದಲ ಕೆಲಸ ಕಾಯುವುದು. ಫ್ರಿಜ್ಜಿನಿಂದ ನಾಲ್ಕು ಡಿಗ್ರಿಯಲ್ಲಿ ಬಂದ ಬಿಯರಿಗೆ ವಾಸನೆಯೇ ಇರುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ. ನಮ್ಮ ಬೇಸಿಗೆಯಲ್ಲಿ ಅದನ್ನು ಗಟಗಟ ಕುಡಿಯಲು ಹಿತ, ನಿಜ. ತೂಗಿ ನೋಡಬೇಕಾದರೆ ಎಂಟು ಹತ್ತು ಡಿಗ್ರಿಗೆ ಏರುವವರೆಗೆ ಅಂಗೈಯಲ್ಲಿ ಗ್ಲಾಸು ಹಿಡಿದು ಕೂರಬೇಕು. ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸಾದರೆ ಪರಿಮಳ ಒಳಗೇ ಕೂಡಿಕೊಂಡಿರುತ್ತದೆ. ಎಣ್ಣೆ ಜಿಡ್ಡಾಗಲಿ ಸೋಪಿನ ಪಸೆಯಾಗಲಿ ಉಳಿದ ಗ್ಲಾಸಿನಲ್ಲಿ ನೊರೆ ಸಾಯುತ್ತದೆ, ಆಗ ಬಿಯರನ್ನು ಬೈದು ಪ್ರಯೋಜನವಿಲ್ಲ. ಪೂರ್ತಿ ತುಂಬಿಸಲೂಬಾರದು. ಸ್ಪರ್ಧೆಗಳಲ್ಲಿ ತೀರ್ಪುಗಾರರಿಗೆ ಹಾಕುವುದು ಸುಮಾರು 60ರಿಂದ 90 ಮಿಲಿ. ಯಾವ ಬ್ರೂವರಿಯದು ಎಂದು ಅವರಿಗೆ ಹೇಳುವುದಿಲ್ಲ. ಹೇಳಿದರೆ ಅಂಕ ಬೀಳುವುದು ಹೆಸರಿಗೆ. ವೈನಿನವರು ಉಗುಳುತ್ತಾರೆ, ಬಿಯರಿನವರು ಸಾಮಾನ್ಯವಾಗಿ ನುಂಗುತ್ತಾರೆ. ಕಹಿಯೂ ಒಣತನವೂ ಪೂರ್ತಿ ತಿಳಿಯುವುದು ನುಂಗಿದ ಮೇಲೆಯೇ.

ನೋಟ ಬೇಗ ಮುಗಿಯುತ್ತದೆ. ಬಂಗಾರದ ಬಣ್ಣ, ಆಚೆಯ ಬೆರಳು ಕಾಣುವಷ್ಟು ತಿಳಿ, ಮೇಲೆ ಬಿಳಿಯ ದಟ್ಟ ನೊರೆ. ಕುಡಿಯುತ್ತ ಹೋದಂತೆ ಆ ನೊರೆ ಗ್ಲಾಸಿನ ಒಳಮೈಗೆ ಕಸೂತಿ ಬಿಡಿಸಿದ ಹಾಗೆ ಅಂಟಿಕೊಂಡಿದ್ದರೆ ಮೂರಕ್ಕೆ ಮೂರು ಹಾಕಿ ಮುಂದೆ ನಡೆಯಿರಿ.

ಮೂಗಿನ ಕೆಲಸಕ್ಕೆ ಮಾತ್ರ ಆತುರ ಕೂಡದು. ಗ್ಲಾಸನ್ನು ಒಂದು ಸುತ್ತು ತಿರುಗಿಸಿ, ಚಿಕ್ಕ ಚಿಕ್ಕ ಉಸಿರು ಎಳೆದುಕೊಳ್ಳಿ. ದೀರ್ಘವಾಗಿ ಎಳೆದರೆ ಮೂಗು ಬೇಗ ದಣಿಯುತ್ತದೆ. ದಣಿದರೆ ನಿಮ್ಮ ಅಂಗಿಯ ತೋಳನ್ನೇ ಒಮ್ಮೆ ಮೂಸಿ. ಪರಿಚಿತ ವಾಸನೆಗೆ ಮೂಗು ಮತ್ತೆ ಸರಿಹೋಗುತ್ತದೆ. ಬ್ಲಾಂಡಿನಲ್ಲಿ ಹುಡುಕಬೇಕಾದದ್ದು ಮೂರು ಪದರ. ತಳದಲ್ಲಿ ಮಾಲ್ಟಿನದು, ಈಗತಾನೆ ಕತ್ತರಿಸಿದ ಬ್ರೆಡ್ಡಿನ, ಹುರಿಯದ ಧಾನ್ಯದ ವಾಸನೆ. ಅದರ ಮೇಲೆ ಹಣ್ಣು: ಕಿತ್ತಳೆ ಸಿಪ್ಪೆ ಚಿವುಟಿದಾಗ ಚಿಮ್ಮುವುದು, ಒಂದಿಷ್ಟು ನಿಂಬೆ, ತೀರ ದೂರದಲ್ಲಿ ಬಾಳೆ. ಅಲ್ಲಲ್ಲಿ ಮೆಣಸು, ಲವಂಗ, ಯಾರೋ ಅತ್ತರು ಹಚ್ಚಿಕೊಂಡು ಹಾದುಹೋದಷ್ಟು. ಮುಖ್ಯ ಮಾತೆಂದರೆ ಯಾವುದೂ ಮುಂದೆ ನುಗ್ಗಬಾರದು. ಬಾಳೆಯ ವಾಸನೆಯೇ ಗ್ಲಾಸು ತುಂಬಿದ್ದರೆ ಅದು ಜರ್ಮನರ ಗೋಧಿ ಬಿಯರಿನ ಹಾದಿ ಹಿಡಿದಿದೆ. ಬೆಂಗಳೂರಿನಲ್ಲಿ ಗೋಧಿ ಬಿಯರಿನ ರೂಢಿ ಎಷ್ಟು ಬಲವಾಗಿದೆಯೆಂದರೆ, ಬಾಳೆ ಜೋರಾಗಿದ್ದಷ್ಟೂ ಚೆನ್ನ ಎಂದು ನಂಬಿದವರು ಬಹಳ. ಅಂಥವರು ಬ್ಲಾಂಡ್ ಮೂಸಿ "ಏನೂ ಇಲ್ವಲ್ಲ" ಎನ್ನುತ್ತಾರೆ.

ನಮ್ಮ ಕಡೆಯವರ ಮೂಗಿಗೆ ಈ ಕೆಲಸ ಕಷ್ಟವಾಗಬಾರದು. ಹುಲ್ಲಿನಲ್ಲಿ ಹಣ್ಣಾದ ಆಪೂಸು ಯಾವುದು, ಪುಡಿ ಹಾಕಿ ಹಣ್ಣು ಮಾಡಿದ್ದು ಯಾವುದು ಎಂದು ಹಾನಗಲ್ಲಿನ ಅಜ್ಜಿಯರು ಬುಟ್ಟಿಯ ಹತ್ತಿರ ಬರುವ ಮೊದಲೇ ಹೇಳುತ್ತಾರೆ. ಹೊಸ ಅಕ್ಕಿಗೂ ಹಳೆ ಅಕ್ಕಿಗೂ ಇರುವ ವಾಸನೆಯ ವ್ಯತ್ಯಾಸ ಅಕ್ಕಿಆಲೂರಿನ ಯಾವ ಮನೆಯಲ್ಲೂ ಯಾರೂ ಕಲಿಸಬೇಕಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಊಟದ್ದಷ್ಟೇ ಅಲ್ಲ, ಕುಡಿಯುವ ನೀರಿನ ಭೋಗಕ್ಕೂ ಬೇರೆಯೇ ಭಾಗವಿದೆ. ಹಾನಗಲ್ಲಿನ ಕದಂಬರು ಆ ಚಾಲುಕ್ಯರ ಮಾಂಡಲಿಕರು. ನೀರನ್ನೇ ತೂಗಿ ಕುಡಿದ ದರ್ಬಾರಿನ ನೆರಳಿನಲ್ಲಿದ್ದವರಿಗೆ ಬಿಯರೇನು ಮಹಾ!

ಬಾಯಿಗೆ ಹಾಕಿಕೊಂಡ ಮೇಲೂ ಅರ್ಧಕ್ಕಿಂತ ಹೆಚ್ಚು ಕೆಲಸ ಮೂಗಿನದೇ. ಇದನ್ನು ನಂಬದವರು, ಕುಡಿಯದವರೂ ಸೇರಿ, ಮನೆಯಲ್ಲಿ ಪರೀಕ್ಷೆ ಮಾಡಬಹುದು. ಮೂಗನ್ನು ಬೆರಳಿನಿಂದ ಬಿಗಿಯಾಗಿ ಹಿಡಿದು ಒಂದು ಏಲಕ್ಕಿ ಕಾಳು ಅಗಿಯಿರಿ. ಸ್ವಲ್ಪ ಖಾರ, ಸ್ವಲ್ಪ ಒಗರು, ಅಷ್ಟೇ. ಬೆರಳು ಬಿಟ್ಟ ಕೂಡಲೇ ಏಲಕ್ಕಿ ಬಂದು ನಿಲ್ಲುತ್ತದೆ. ಬಾಯಿಯ ಹಿಂಬದಿಯಿಂದ ಮೂಗಿಗೆ ಇರುವ ದಾರಿ ಅದು. ಅದಕ್ಕೇ ಬಿಯರಿನ ಗುಟುಕು ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಬೇಕು. ಬರೀ ಮೂಸಿದಾಗ ಸಿಗದ ಮೆಣಸು, ಜೇನು ಆ ಉಸಿರಿನಲ್ಲಿ ಸಿಗುತ್ತವೆ. ಬ್ರೂವರ್ ಆಗಿದ್ದ ನನ್ನ ಗೆಳೆಯನೊಬ್ಬ ಬೆಂಗಳೂರಿನ ದಿನಗಳಲ್ಲಿ ಹೇಳಿಕೊಟ್ಟ ಮೊದಲ ಪಾಠ ಇದು. ಅವನು ಗ್ಲಾಸು ಕೊಟ್ಟು "ಹೆಂಗದ?" ಎಂದು ಕೇಳುತ್ತಿರಲಿಲ್ಲ. "ಉಸಿರು ಬಿಡ್ರಿ ಮೊದಲ" ಎನ್ನುತ್ತಿದ್ದ.

ರುಚಿಯ ಇಪ್ಪತ್ತು ಅಂಕಗಳನ್ನು ಮೊದಲು, ನಡುವೆ, ಕೊನೆ ಎಂದು ಮೂರು ಹೊತ್ತಾಗಿ ಗಮನಿಸುವುದು ನನ್ನ ಪದ್ಧತಿ. ಮೊದಲಿಗೆ ಮೆದುವಾದ ಸಿಹಿ, ನಡುವೆ ಹಣ್ಣು ಮಸಾಲೆ, ಕೊನೆಗೆ ಹಾಪ್ಸ್ ಹೂವಿನ ಹದವಾದ ಕಹಿ ಬಂದು ಸಿಹಿಯನ್ನು ಒರೆಸಿಕೊಂಡು ಹೋಗಬೇಕು. ಕಹಿ ಬಂದು ಕುಳಿತೇ ಬಿಟ್ಟರೆ ಅದು ಬೇರೆ ಬಗೆ. ಬಾರದೇ ಹೋದರೆ ಶರಬತ್ತು. ಗುಳ್ಳೆ ಜೋರಾಗಿಯೇ ಇರಬೇಕು, ಅದು ನಾಲಿಗೆಯನ್ನು ತೊಳೆಯುತ್ತದೆ.

ದೋಷಗಳ ಪಟ್ಟಿ ಉದ್ದವಿದೆ, ಬ್ಲಾಂಡಿಗೆ ಹೆಚ್ಚು ಅಂಟುವ ಒಂದನ್ನು ನಮ್ಮ ಜಿಲ್ಲೆಯವರು ಬೇರೆಯವರಿಗಿಂತ ಬೇಗ ಹಿಡಿಯಬಲ್ಲರು: ಕುದಿಸಿದ ಗೋವಿನಜೋಳದ ವಾಸನೆ. ಬ್ಲಾಂಡಿಗೆ ಬಳಸುವ ತಿಳಿ ಮಾಲ್ಟನ್ನು ಕಡಿಮೆ ಕಾವಿನಲ್ಲಿ ಒಣಗಿಸಿರುತ್ತಾರೆ. ಅದರಲ್ಲಿ ಉಳಿದಿರುವ ಒಂದು ಪದಾರ್ಥ ಕುದಿಯುವಾಗ ಡೈಮಿಥೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತವಾಗುತ್ತದೆ. ಮುಚ್ಚಳ ತೆಗೆದು ಗಂಟೆ ಒಂದೂವರೆ ಗಂಟೆ ಜೋರಾಗಿ ಕುದಿಸಿದರೆ ಅದು ಆವಿಯಾಗಿ ಹೋಗುತ್ತದೆ. ಕುದಿ ಮಂದವಾದರೆ, ಕುದಿಸಿದ್ದನ್ನು ತಣಿಸಲು ತಡವಾದರೆ ಗ್ಲಾಸಿಗೆ ಬರುತ್ತದೆ. ಹಾವೇರಿ ಜಿಲ್ಲೆಯಲ್ಲಿ ಮುಂಗಾರಿನ ಹೊಲವೆಂದರೆ ಗೋವಿನಜೋಳ. ಹಸಿ ತೆನೆ ಕುದಿಸಿ ತಿಂದು ಬೆಳೆದ ಹುಡುಗ ಬೆಂಗಳೂರಿನಲ್ಲಿ ಗ್ಲಾಸು ಮೂಸಿ ಊರು ನೆನಪಾಯಿತು ಎಂದರೆ ಬ್ರೂವರ್ ಖುಷಿಪಡಬಾರದು. ಬೆಣ್ಣೆಯ ವಾಸನೆ ಬಂದರೆ, ಹಸಿರು ಸೇಬಿನ ವಾಸನೆ ಬಂದರೆ, ಯೀಸ್ಟಿಗೆ ಕೆಲಸ ಮುಗಿಸಲು ಸಮಯ ಕೊಟ್ಟಿಲ್ಲ ಎಂದರ್ಥ. ಶನಿವಾರದ ಗಿರಾಕಿ ಕಾಯುತ್ತಿರುವಾಗ ಆ ತಾಳ್ಮೆ ಕಷ್ಟ. ನೆನೆದ ರಟ್ಟಿನ ವಾಸನೆ ಗಾಳಿ ಹೊಕ್ಕ ಹಳೆ ಬಿಯರಿನದು.

ಬೆಂಗಳೂರಿಗೂ ಬೆಲ್ಜಿಯಂಗೂ ಇರುವ ನಂಟಿನಲ್ಲಿ ಗೊಂದಲವೂ ಸೇರಿಕೊಂಡಿದೆ. ಬೆಂಗಳೂರಿನ ಗೈಸ್ಟ್ ಕಂಪನಿ ಶುರುವಿನ ವರ್ಷಗಳಲ್ಲಿ ತನ್ನ ಬಿಯರುಗಳನ್ನು ಬೆಲ್ಜಿಯಂನಲ್ಲೇ ತಯಾರು ಮಾಡಿಸಿ ತರುತ್ತಿತ್ತು. ಅವುಗಳಲ್ಲಿ ಒಂದರ ಹೆಸರೇ ಬ್ಲಾಂಡ್. ಈಗ ಅವರದು ಓಲ್ಡ್ ಮದ್ರಾಸ್ ರಸ್ತೆಯಲ್ಲಿ ಸ್ವಂತ ತಯಾರಿಕೆ. 2015ರಲ್ಲಿ ಬಂದ ದೆಹಲಿಯ ಬೀರಾ 91 ಕೂಡ ಮೊದಲಿಗೆ ಬೆಲ್ಜಿಯಂನಲ್ಲೇ ತಯಾರಾಗುತ್ತಿತ್ತು, ಅದರಲ್ಲೂ ಬ್ಲಾಂಡ್ ಇತ್ತು. ಆದರೆ ಆ ಬ್ಲಾಂಡ್ ಲಾಗರ್, ಏಲ್ ಅಲ್ಲ. ತಂಪಿನ ಯೀಸ್ಟಿನ ಕೆಲಸ. ಅದನ್ನು 25ಎ ಹಾಳೆ ಹಿಡಿದು ತೂಗಿ "ಹಣ್ಣೇ ಇಲ್ಲ, ಮಸಾಲೆಯೇ ಇಲ್ಲ" ಎಂದು ಅಂಕ ಕಳೆದರೆ ಡಬ್ಬಿಯಲ್ಲಿ ಗುಂಟೂರಿನ ಖಾರ ಹುಡುಕಿದಂತೆಯೇ. ಇಂದಿರಾನಗರದ 100 ಅಡಿ ರಸ್ತೆಯಲ್ಲಿ 2010ರಿಂದ ಇರುವ ಟಾಯ್ಟ್ ಬ್ರೂಪಬ್ಬಿನವರದು ಬಾಸ್ಮತಿ ಬ್ಲಾಂಡ್. ಅಕ್ಕಿ ಬಿದ್ದ ಬಿಯರು. ಅದೂ ಮಠದ ಬ್ಲಾಂಡ್ ಅಲ್ಲ, ತನ್ನ ಪಾಡಿಗೆ ತಾನು ಬೇರೆ.

ಅಕ್ಕಿ ಎಂದ ಕೂಡಲೇ ನಮ್ಮೂರಿನವರ ಕಿವಿ ನೆಟ್ಟಗಾಗುವುದು ಗೊತ್ತು. ಅಕ್ಕಿ ಬಿಯರಿಗೆ ಹೊಸದಲ್ಲ. ಲಾಗರುಗಳನ್ನು ಹಗುರ ಮಾಡಲು ಅಕ್ಕಿಯನ್ನೂ ಗೋವಿನಜೋಳವನ್ನೂ ಬಳಸುವುದು ಹಳೆಯ ರೂಢಿ. ಅಕ್ಕಿಯ ಗಂಜಿಯನ್ನು ಬೇಯಿಸಿ ಬಾರ್ಲಿ ಮಾಲ್ಟಿಗೆ ಸೇರಿಸುತ್ತಾರೆ, ಮಾಲ್ಟಿನಲ್ಲಿರುವ ಕಿಣ್ವಗಳೇ ಅಕ್ಕಿಯ ಪಿಷ್ಟವನ್ನೂ ಸಕ್ಕರೆಯಾಗಿ ಒಡೆಯುತ್ತವೆ. ಶಕ್ತಿ ಸಿಗುತ್ತದೆ, ಮೈ ಭಾರವಾಗುವುದಿಲ್ಲ. ಅಂದರೆ ಬೆಲ್ಜಿಯಂನವರು ಸಕ್ಕರೆಯಿಂದ ಮಾಡಿಸಿಕೊಳ್ಳುವ ಕೆಲಸವನ್ನು ಅಕ್ಕಿಯೂ ಬಹುಪಾಲು ಮಾಡಬಲ್ಲದು. ಅಕ್ಕಿಆಲೂರಿನ ಸುತ್ತಲಿನ ಗದ್ದೆಯ ಅಕ್ಕಿಯಿಂದ, ಬೆಲ್ಜಿಯನ್ ಯೀಸ್ಟಿನಿಂದ ಯಾರಾದರೂ ಬೆಂಗಳೂರಿನಲ್ಲಿ ಒಂದು ಬ್ಲಾಂಡ್ ಮಾಡಿದರೆ ನಾನಂತೂ ಖರ್ಚು ಮಾಡಿಕೊಂಡು ಹೋಗಿ ಅಂಕ ಹಾಕಿ ಬರುತ್ತೇನೆ. ಮನೆಯಲ್ಲಿ ಮಾಡಲು ಮಾತ್ರ ಹೋಗಬೇಡಿ, ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿಯವರು ಬಂದು ಬೇರೆ ಅಂಕ ಹಾಕುತ್ತಾರೆ.

ಹೋದ ಸಲ ಬೆಂಗಳೂರಿಗೆ ಹೋದಾಗ ಅಕ್ಕನ ಮಗ ಒಂದು ಪಬ್ಬಿಗೆ ಕರೆದೊಯ್ದ. ಹೆಸರು ಬೇಡ. ಬ್ಲಾಂಡ್ ಬಂದದ್ದು ಮಂಜುಗಟ್ಟಿದ ಗ್ಲಾಸಿನಲ್ಲಿ, ಅಂಚಿಗೆ ನಿಂಬೆ ಹೋಳು ಸಿಕ್ಕಿಸಿಕೊಂಡು. ನಿಂಬೆ ತೆಗೆದಿಟ್ಟು, ಗ್ಲಾಸು ಬಿಸಿಯಾಗಲೆಂದು ಕೈಯಲ್ಲಿ ಹಿಡಿದು ಕುಳಿತೆ. "ಮಾಮಾ, ಕುಡಿಯಾಕ ಬಂದಿಯೋ, ಜಪಾ ಮಾಡಾಕ ಬಂದಿಯೋ?" ಎಂದ. ಇಬ್ಬರೂ ಒಬ್ಬರಿಗೊಬ್ಬರು ತೋರಿಸದೆ ಕಾಗದದ ಟಿಶ್ಯೂ ಮೇಲೆ ಅಂಕ ಬರೆದೆವು. ಅವನದು 41, ನನ್ನದು 29. ಸ್ಪರ್ಧೆಗಳಲ್ಲಿ ತೀರ್ಪುಗಾರರ ಅಂಕಗಳು ಏಳಕ್ಕಿಂತ ಹೆಚ್ಚು ದೂರವಿದ್ದರೆ ಮಾತಾಡಿ ಹತ್ತಿರ ತರುತ್ತಾರೆ. ನಾವೂ ಮಾತಾಡಿದೆವು. ಅವನು ಮೆಚ್ಚಿದ್ದು ಸಿಹಿಯನ್ನು. "ಮೆತ್ತಗ ಇಳೀತು" ಎಂಬುದು ಅವನ ವಾದ. ನಾನು ಅಂಕ ಕಳೆದದ್ದೂ ಅದೇ ಸಿಹಿಗೆ: ನುಂಗಿ ಎಷ್ಟು ಹೊತ್ತಾದರೂ ನಾಲಿಗೆಯಿಂದ ಹೋಗಲೊಲ್ಲದು. ಅರ್ಧ ಗ್ಲಾಸು ಬಿಸಿಯಾದ ಮೇಲೆ ಅವನೇ ಇನ್ನೊಂದು ಗುಟುಕು ಕುಡಿದು, ಟಿಶ್ಯೂ ಎಳೆದುಕೊಂಡು 41ನ್ನು ಹೊಡೆದು 36 ಮಾಡಿದ. ನಾನೂ ಪರಿಮಳಕ್ಕೆ ಎರಡು ಹೆಚ್ಚಿಸಿ 31ಕ್ಕೆ ಬಂದೆ. ಕಿತ್ತಳೆ ಸಿಪ್ಪೆ ತಡವಾಗಿಯಾದರೂ ಬಂದಿತ್ತು. ಹಾಳೆಯ ಲೆಕ್ಕದಲ್ಲಿ 30ರಿಂದ 37 ಎಂದರೆ 'ಬಹಳ ಚೆನ್ನ', ಇಬ್ಬರಿಗೂ ಒಪ್ಪಿಗೆಯಾಯಿತು. ಎರಡನೆಯ ಗ್ಲಾಸು ಯಾರೂ ಕೇಳಲಿಲ್ಲ. ಲೆಕ್ಕಕ್ಕೆ ಹೇಳುವುದಾದರೆ ಶೇ 6.5ರ 330 ಮಿಲಿಯಲ್ಲಿ ಸುಮಾರು 17 ಗ್ರಾಂ ಮದ್ಯಸಾರ, ಶೇ 7.5ರ ದೊಡ್ಡ 650 ಮಿಲಿ ಬಾಟಲಿಯಲ್ಲಿ 38 ಗ್ರಾಂ ದಾಟುತ್ತದೆ. ಬಿಲ್ಲು ಕೊಟ್ಟು ಆಟೋದಲ್ಲಿ ಮನೆಗೆ ಹೋದೆವು.

ಜೊತೆಗೆ ಏನು ತಿನ್ನಬೇಕು ಎಂದು ಕೇಳಿದ ಸವಣೂರಿನವರಿಗೆ ಒಂದು ಬೇಸರದ ಉತ್ತರ. ತೂಗಿ ನೋಡುವ ದಿನ ನಿಮ್ಮೂರಿನ ಖಾರಾ ಬೇಡ, ನಿಮ್ಮೂರಿನ ಎಲೆ ಅಡಿಕೆಯೂ ಬೇಡ. ಮದ್ಯವೂ ಗುಳ್ಳೆಯೂ ಮೆಣಸಿನ ಉರಿಯನ್ನು ಏರಿಸುತ್ತವೆ, ಎಲೆಯ ಘಾಟು ಮೂಗನ್ನು ಗಂಟೆಗಟ್ಟಲೆ ಆಕ್ರಮಿಸುತ್ತದೆ. ಗಿರ್ಮಿಟ್ಟು, ಮಿರ್ಚಿ ಭಜಿ ಅಂಕ ಹಾಕಿ ಮುಗಿದ ಮೇಲೆ. ನಡುನಡುವೆ ಬಾಯಿ ತೊಳೆಯಲು ನೀರು, ಬರೀ ಮಂಡಕ್ಕಿ ಇಲ್ಲವೇ ಖಟಿ ರೊಟ್ಟಿಯ ಒಂದು ಚೂರು ಸಾಕು. ಅಂಗಡಿಯಿಂದ ತರುವುದಾದರೆ ತಯಾರಾದ ತಾರೀಖು ನೋಡಿ, ಕಂದು ಬಾಟಲಿಯದನ್ನೇ ಕೇಳಿ. ಬೆಳಕು ತಾಗಿದರೆ ಹಾಪ್ಸಿನ ಕಹಿಯಂಶ ಕೊಳೆತ ವಾಸನೆಗೆ ತಿರುಗುತ್ತದೆ. ಹಸಿರು ಗಾಜು ಅದನ್ನು ತಡೆಯಲಾರದು. ಬಿಸಿಲಿಗೆ ಮುಖ ಮಾಡಿದ ಶೋಕೇಸಿನಲ್ಲಿ ಚೆಂದ ಕಾಣಲೆಂದು ಜೋಡಿಸಿಟ್ಟ ಬಾಟಲಿಯನ್ನು ಅಲ್ಲೇ ಬಿಟ್ಟು, ಒಳಗಿನ ಕತ್ತಲೆ ಗೋದಾಮಿನಿಂದ ಒಂದು ತೆಗೆಸಿಕೊಳ್ಳಿ.